ಹುಳುಮನೆಗೆ ಬಂದ ಸವತಿ

ನಮ್ಮ ಕೆಂಚಾರ್ಲಹಳ್ಳಿಯಲ್ಲಿ ಅಮ್ಮಾಜಮ್ಮನಷ್ಟು ಚೆನ್ನಾಗಿ ರೇಷ್ಮೆಹುಳು ಸಾಕಿದವರನ್ನು ನಾನು ನೋಡಿಲ್ಲ. ದೂರದ ಸಂಬಂಧದಲ್ಲಿ ಅವಳು ನನಗೆ ಅಕ್ಕ ಆಗಬೇಕು. ಗೋಡೆಗೆ ಗೋಡೆ ಅಂಟಿದ ಮನೆಗಳು ನಮ್ಮವು. ನಾನು ಓದಿದ್ದು ಮೂರನೇ ಕ್ಲಾಸು, ಆ ಗೋಡೆಯ ದೆಸೆಯಿಂದ ಕೇಳಿಸಿಕೊಂಡಿದ್ದು ಮಾತ್ರ ಬಹಳ.

ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಯಿಂದ ಹದಿನಾಲ್ಕು ವರ್ಷಕ್ಕೆ ಸೊಸೆಯಾಗಿ ಬಂದವಳು. ಆಗ ಆ ಮನೆಯಲ್ಲಿ ರಾಗಿ, ಕಡಲೆಕಾಯಿ ಬಿಟ್ಟರೆ ಬೇರೆ ಬೆಳೆ ಇರಲಿಲ್ಲ. ಅವಳು ಬಂದು ಎರಡು ವರ್ಷಕ್ಕೆ ಕೆರೆಯ ಕೆಳಗೆ ಹಿಪ್ಪುನೇರಳೆ ತೋಟ ಎದ್ದಿತು, ಮನೆಯ ಬಡಗಣ ಕೋಣೆ ಹುಳುಮನೆ ಆಯಿತು. ಆ ಕೋಣೆಯಲ್ಲಿ ಅವಳ ಮಾತೇ ಮಾತು. ನಶ್ಯ ಹಾಕಿದವರು, ಬೀಡಿ ಸೇದಿದವರು, ಮಲ್ಲಿಗೆ ಮುಡಿದವರು ಯಾರೂ ಹೊಸಿಲು ದಾಟುವ ಹಾಗಿಲ್ಲ. ಹುಳು ಕೊನೆಯ ಜ್ವರ ಮುಗಿಸಿ, ಅಂದರೆ ಕೊನೆಯ ಸಲ ಪೊರೆ ಕಳಚಿ, ಮೇಯುವ ಏಳೆಂಟು ದಿನ ಆ ಮನೆಯಲ್ಲಿ ಒಗ್ಗರಣೆ ಕೂಡ ಹಾಕುತ್ತಿರಲಿಲ್ಲ. ಹುಳಕ್ಕೆ ವಾಸನೆ ಆಗುವುದಿಲ್ಲ. ಅವಳ ಗಂಡ ಆವಲಪ್ಪನವರು ಬೀಡಿ ಬಿಡಲಾರದೆ ಎಷ್ಟೋ ವರ್ಷ ತಮ್ಮದೇ ಮನೆಯ ಆ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ. ಊರೆಲ್ಲ ಅವರ ಮಾತಿಗೆ ತಲೆಬಾಗುತ್ತಿತ್ತು. ಆ ಹೊಸಿಲ ಹತ್ತಿರ ಬಂದಾಗ ಮಾತ್ರ ಅವರೇ ನಿಂತು ಕೆಮ್ಮುತ್ತಿದ್ದರು.

ಚೀನಾ ಯುದ್ಧಕ್ಕೆ ಮುಂಚಿನ ಬೇಸಿಗೆಯಲ್ಲಿ ಆ ಮನೆಗೆ ಕಾರು ಬಂತು.

ಚಿಕ್ಕಬಳ್ಳಾಪುರದ ಒಬ್ಬ ಡಾಕ್ಟರು ಹತ್ತು ವರ್ಷ ಓಡಿಸಿದ್ದ ಚಿಕ್ಕ ಕಾರು, ಕಪ್ಪು ಬಣ್ಣ. ಆವಲಪ್ಪನವರು ಅದನ್ನು ಚಿಂತಾಮಣಿಯಲ್ಲಿ ಲಾರಿಗೆ ಬಾಡಿ ಕಟ್ಟುವವರ ಹತ್ತಿರ ಬಿಟ್ಟು, ಬೆನ್ನ ಕಡೆ ಕತ್ತರಿಸಿ, ಮೇಲಕ್ಕೆ ಎತ್ತುವಂಥ ಒಂದು ತಗಡಿನ ಬಾಗಿಲು ಕೂರಿಸಿಕೊಂಡು ಬಂದರು. ಮುಂದೆ ಮನೆಯವರು ಕೂರಬೇಕು, ಹಿಂದೆ ಸೊಪ್ಪು, ಗೂಡು, ಹಿಂಡಿ ಮೂಟೆ ಎಲ್ಲಾ ಹೋಗಬೇಕು ಎನ್ನುವುದು ಅವರ ಲೆಕ್ಕ. ಅಂಥ ಕಾರನ್ನು ನಾವು ಯಾರೂ ನೋಡಿರಲಿಲ್ಲ.

ಅಂದಿನಿಂದ ಸಾಯಂಕಾಲವಾದರೆ ಅವರ ಜಗಲಿಯಲ್ಲಿ ಕಾರಿನ ಮಾತೇ. ಪ್ರೈಮರಿ ಸ್ಕೂಲಿನ ಮೇಷ್ಟ್ರು ಚೆನ್ನರಾಯಪ್ಪ ಬಂದು ಕಾಲು ಚಾಚಿ ಕೂರುತ್ತಿದ್ದರು.

"ಏಮಪ್ಪಾ, ಎಲಾ ಉಂದಿ ನೀ ಬಂಡಿ?" ಹೇಗಿದೆ ನಿನ್ನ ಗಾಡಿ ಅಂತ. ಅವರು ಆವಲಪ್ಪನವರನ್ನು ಕೆಣಕುವುದಾದರೆ ತೆಲುಗಿನಲ್ಲೇ.

"ಬಾಗ ಉಂದಿ ಮೇಷ್ಟ್ರೇ. ಹಿಂದಿನ ಬಾಗ್ಲು ಎತ್ತಿದ್ರೆ ನಾಕು ಮೂಟೆ ನುಂಗತ್ತೆ. ಗ್ಯಾಲನ್ನಿಗೆ ಮೂವತ್ತೈದು ಮೈಲಿ ಮೋಸ ಇಲ್ಲ. ಸಂದಿಗೊಂದಿಲಿ ತಿರುಗ್ಸಿದ್ರೂ ಮೇಕೆಮರಿ ತಿರುಗ್ದಂಗೆ ತಿರುಗತ್ತೆ."

"ಕೆಟ್ಟ ಗುಣ ಒಂದೂ ಇಲ್ವೇನೋ ಹಂಗಾದ್ರೆ?"

"ಇಲ್ದೆ ಇರತ್ತಾ. ಬೆಳಗ್ಗೆ ಏಳೋದೇ ಇಲ್ಲ. ಹ್ಯಾಂಡ್ಲು ಹಾಕಿ ತಿರುಗ್ಸಿ ತಿರುಗ್ಸಿ ರಟ್ಟೆ ಬಿದ್ದೋಗತ್ತೆ. ಏರು ಬಂದ್ರೆ ಮೈ ಕಾಯತ್ತೆ, ಇಳಿದು ನೀರು ಕುಡಿಸ್ಬೇಕು. ಹಿಂದಿನ ಬಾಗ್ಲು ಎತ್ತಿದ್ರೆ ನಿಲ್ಲಲ್ಲ, ಕೋಲು ಕೊಡ್ಬೇಕು. ಧೂಳೆಲ್ಲ ಅದ್ರಲ್ಲೇ ಒಳಕ್ಕೆ ಬರತ್ತೆ. ಆದ್ರೂ ನೋಡಿ, ಅದ್ರ ಮೇಲೆ ಕೋಪ ಬರಲ್ಲ."

ಬಾಗಿಲ ಹಿಂದೆ ಕೂತು ಸೊಪ್ಪು ಕತ್ತರಿಸುತ್ತಿದ್ದ ಅಮ್ಮಾಜಕ್ಕ ಕತ್ತಿ ಕೆಳಗಿಟ್ಟಳು. ನಾನು ಪಕ್ಕದಲ್ಲಿ ಕಡ್ಡಿ ಆರಿಸುತ್ತಿದ್ದೆ.

"ಕೇಳಿದ್ಯೇನೇ ಸುಬ್ಬಿ. ನಾನು ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ. ನನ್ನ ಗುಣ ಒಂದು, ತಪ್ಪು ಒಂದು, ಯಾರ ಹತ್ರಾನಾದ್ರೂ ಹೇಳಿದ್ದು ಕೇಳಿದ್ದೀಯಾ?"

"ಬೈದಿದ್ದು ಕೇಳಿದ್ದೀನಕ್ಕ."

"ಬಯ್ಯೋದು ಬೇರೆ ಕಣೇ. ಎತ್ತಿಗೂ ಬಯ್ತಾರೆ. ಅದ್ರ ತಪ್ಪು ಹೇಳೋವಾಗ ಗಂಟ್ಲು ಹೆಂಗೆ ಮೆತ್ತಗಾಗತ್ತೆ ನೋಡು."

ಅವಳು ನಗುತ್ತಾ ಹೇಳಲಿಲ್ಲ. ಕಾರಿಗೆ ಆಗಲೇ ಅವಳು ಹೆಸರಿಟ್ಟಿದ್ದಳು, 'ಸವತಿ' ಅಂತ. ಚಿಕ್ಕ ಹುಳುಗಳ ಮೇಲೆ ಹೊದಿಸಲು ಎತ್ತಿಟ್ಟಿದ್ದ ತನ್ನ ಮೆತ್ತನೆ ಹಳೆ ಸೀರೆ ಕಾರು ಒರೆಸುವುದಕ್ಕೆ ಹೋಯಿತೆಂದು ಒಂದು ದಿನ ಉಣ್ಣಲಿಲ್ಲ. ಹುಳುವಿನ ತಟ್ಟೆ ಜೋಡಿಸುವ ಚೌಕಟ್ಟಿನಿಂದ ಒಂದು ಬಿದಿರು ಕಿತ್ತು ಆ ಹಿಂದಿನ ಬಾಗಿಲಿಗೆ ಊರುಗೋಲು ಮಾಡಿದರೆಂದು ಇನ್ನೊಂದು ದಿನ ಮಾತಾಡಲಿಲ್ಲ. ಕಾರಿನ ಮುಂದಿನ ಸೀಟಿನಲ್ಲಿ ಮೇಷ್ಟ್ರು ಕೂತರು, ಶಾನುಭೋಗರು ಕೂತರು, ಚಿಂತಾಮಣಿಯ ಹಿಂಡಿ ಅಂಗಡಿಯವನು ಕೂತ. ಅವಳನ್ನು ಕೂರು ಅಂದವರಿಲ್ಲ. ಅವಳೂ ಕೇಳಲಿಲ್ಲ.

ನನಗೋ, ಅವಳ ಸಂಕಟ ನೋಡಿಯೂ ಒಳಗೆ ಒಂಥರಾ ಉರಿ. ಬೈದಾಡುವುದಕ್ಕಾದರೂ ಅವಳ ಮನೆ ಮುಂದೆ ಒಂದು ಕಾರು ಇತ್ತು. ನಮ್ಮ ಮನೆ ಮುಂದೆ ಇದ್ದದ್ದು ಮುರುಕಲು ಗಾಡಿ.

ಬಿಸಿಲು ಬಲಿತ ಮೇಲೆ ಕಾರಿನ ಬಣ್ಣ ಸಿಪ್ಪೆ ಏಳತೊಡಗಿತು. ಒಂದು ಮಧ್ಯಾಹ್ನ ಆವಲಪ್ಪನವರು ಉಣ್ಣುತ್ತಾ ಮಾತು ತೆಗೆದರು. ನಾನು ಮಜ್ಜಿಗೆ ಇಸಕೊಳ್ಳಲು ಹೋದವಳು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ.

"ಆ ಬಡಗಣ ಕೋಣೆ ಬೀದಿಗೆ ಹೊಂದ್ಕೊಂಡೈತೆ. ಗೋಡೆ ಒಡೆದು ಬಾಗ್ಲು ಅಗಲ ಮಾಡಿಸಿದ್ರೆ ಕಾರು ಸಲೀಸಾಗಿ ಒಳಕ್ಕೆ ಹೋಗತ್ತೆ."

"ಹುಳ ಎಲ್ಲಿಗೆ ಹೋಗ್ಬೇಕು?"

"ಬಿಟ್ಬಿಡಣ. ಊರವ್ರ ಗೂಡು ತುಂಬ್ಕೊಂಡು ಶಿಡ್ಲಘಟ್ಟಕ್ಕೆ ಹೊಡ್ಕೊಂಡೋದ್ರೆ ಸಾಕು. ನಿಂಗೂ ಕಷ್ಟ ತಪ್ಪತ್ತೆ."

ಅಮ್ಮಾಜಕ್ಕ ಮುದ್ದೆಯ ತಪ್ಪಲೆ ಕೆಳಗಿಟ್ಟಳು. "ಕಷ್ಟ ಅಂತ ನಾನು ಯಾವತ್ತು ಹೇಳ್ದೆ?"

"ಹೇಳ್ಲಿಲ್ಲ, ಸರಿ. ಹಂಗಾದ್ರೆ ಒಂದು ಮಾತು. ಈಗ ಕೂರಿಸಿರೋ ಹುಳದ ಬೆಳೆ ಎಂದಿನಂಗೆ ಬಂದ್ರೆ ಕೋಣೆ ನಿಂದೇ. ನಾನು ಮತ್ತೆ ಬಾಯಿ ತೆಗಿಯಲ್ಲ. ಕೆಟ್ರೆ ಮಾರನೇ ದಿನಾನೇ ಗೋಡೆ ಒಡಿಸ್ತೀನಿ."

"ಆಗ್ಲಿ," ಎಂದಳು.

ಆ ಸಲ ಹದಿನೆಂಟು ತಟ್ಟೆ ಹುಳು. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಅವುಗಳ ಹಸಿವಿಗೆ ಅಳತೆ ಇರುವುದಿಲ್ಲ. ತೋಟ ಊರಿಗೆ ಎರಡು ಮೈಲಿ. ತಲೆಯ ಮೇಲೆ ಹೊತ್ತು ತರುವಷ್ಟರಲ್ಲಿ ಸೊಪ್ಪು ಬಿಸಿಲಿಗೆ ಬಾಡುತ್ತಿತ್ತು. ಆವಲಪ್ಪನವರು ಕಾರಿನ ಹಿಂದೆ ತುಂಬಿ, ಒದ್ದೆ ಗೋಣಿ ಹೊದಿಸಿ, ಗಳಿಗೆಯಲ್ಲಿ ತಂದು ಇಳಿಸತೊಡಗಿದರು. ಸೊಪ್ಪು ಕಿತ್ತ ಹಾಗೇ ಇರುತ್ತಿತ್ತು.

"ಸವತೀಲಿ ಅದೊಂದು ಗುಣ ಐತೆ, ಒಪ್ಕೋಬೇಕು," ಎಂದಳು ಅಮ್ಮಾಜಕ್ಕ. ಒಪ್ಪಿಕೊಳ್ಳುವಾಗಲೂ ಮುಖ ಬಿಗಿದೇ ಇತ್ತು.

ಮೂರನೆಯ ದಿನ ಬೆಳಗ್ಗೆ ಅವಳು ನಮ್ಮ ಹಿತ್ತಲಿಗೆ ಬಂದಳು. ಸೆರಗಿನಲ್ಲಿ ಒಂದು ಹಿಡಿ ಸೊಪ್ಪು.

"ಸುಬ್ಬಿ, ಇದನ್ನ ಮೂಸು. ಪೆಟ್ರೋಲ್ ವಾಸನೆ ಬರ್ತೈತಾ?"

"ಭಾವನಿಗೆ ತೋರಿಸ್ದ್ಯಾ?"

"ತೋರಿಸ್ದೆ. ಮೇಷ್ಟ್ರೂ ಇದ್ರು. 'ಸವತಿ ಮುಟ್ಟಿದ್ದೆಲ್ಲಾ ನಾರತ್ತೆ ಬಿಡಮ್ಮ' ಅಂತ ಅವ್ರು ನಕ್ರು. ಇವ್ರು ಮೂಸಿ, ಏನೂ ಇಲ್ಲ, ನಿನ್ನ ಹೊಟ್ಟೆಕಿಚ್ಚು ಮೂಗಿಗೆ ಏರೈತೆ ಅಂದ್ರು." ಆಮೇಲೆ ದನಿ ತಗ್ಗಿಸಿದಳು. "ಅದೂ ಇರಬಹುದೇನೋ ಕಣೇ. ಒಂದು ತಿಂಗ್ಳಿಂದ ನಂಗೆ ಅವ್ರ ಅಂಗೀಲಿ, ಸಾರಲ್ಲಿ, ತಲೆದಿಂಬಲ್ಲಿ, ಎಲ್ಲಾ ಕಡೆ ಅದೇ ವಾಸನೆ. ನನ್ನ ಮೂಗು ನಾನೇ ನಂಬಂಗಿಲ್ಲ. ನೀನು ಹೇಳು. ನೀನು ಹೇಳ್ದಂಗೆ ಮಾಡ್ತೀನಿ."

ನಾನು ಮೂಸಿದೆ. ಬರುತ್ತಿತ್ತು. ತೆಳ್ಳಗೆ, ಸೊಪ್ಪಿನ ಹಸಿ ವಾಸನೆಯ ಕೆಳಗೆ, ಆದರೆ ಬರುತ್ತಿತ್ತು.

ಹಿಂದಿನ ದಿನವಷ್ಟೇ ಆವಲಪ್ಪನವರು ನನಗೆ ಒಂದು ಮಾತು ಕೊಟ್ಟಿದ್ದರು. ನನ್ನ ಮಗಳು ಶಾಂತಕುಮಾರಿಗೆ ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಿರಲಿಲ್ಲ. ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲಿಗೆ ಪ್ರದಕ್ಷಿಣೆ ಹಾಕುವ ಹರಕೆ ಇತ್ತು. ಬಸ್ಸಿನಲ್ಲಾದರೆ ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ಅಂತ ಇಳಿದು ಹತ್ತಿ ಸಾಕಾಗುತ್ತಿತ್ತು. "ಭಾನುವಾರ ನಾನೇ ಕಾರಲ್ಲಿ ಕರ್ಕೊಂಡೋಗ್ತೀನಿ ಸುಬ್ಬಲಕ್ಷ್ಮಮ್ಮ, ನೀನು ಮುಂದೆ ಕೂತ್ಕೊ," ಎಂದಿದ್ದರು. ಮುಂದೆ ಕೂತ್ಕೊ. ಅಮ್ಮಾಜಕ್ಕನೇ ಕೂರದ ಜಾಗ. ಈಗ ಅವರ ಕಾರಿನ ಮೇಲೆ ತಪ್ಪು ಹೊರಿಸಿದರೆ ಭಾನುವಾರ ಹೋಗುವುದೇನು ಬಂತು.

"ನಂಗೇನೂ ಬರ್ತಿಲ್ಲಕ್ಕ," ಎಂದೆ.

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ನಂಬಿದಳು. "ಹಂಗಾದ್ರೆ ನನ್ನದೇ ಹುಚ್ಚು," ಎಂದು ಸೊಪ್ಪು ಸೆರಗಿಗೆ ಹಾಕಿಕೊಂಡು ಹೋದಳು.

ಆ ಹೊತ್ತು ಹನ್ನೆರಡು ತಟ್ಟೆಗೆ ಆ ಸೊಪ್ಪು ಬಿತ್ತು. ಉಳಿದ ಆರು ತಟ್ಟೆಗೆ ಹಿಂದಿನ ದಿನದ ಸೊಪ್ಪು ಮಿಕ್ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟದ್ದು, ಅದನ್ನೇ ಹಾಕಿದಳು. ಸಂಜೆಗೆ ಹನ್ನೆರಡು ತಟ್ಟೆಯ ಹುಳು ಮೇಯುವುದು ನಿಲ್ಲಿಸಿದವು. ತಲೆ ಎತ್ತಿ ಅತ್ತಿತ್ತ ಆಡಿಸಿ ಹಸಿರು ನೀರು ಕಾರಿಕೊಂಡವು. ಮಾರನೇ ಬೆಳಗ್ಗೆ ಕಪ್ಪಗೆ ಮೆತ್ತಗಾಗಿ ಬಿದ್ದಿದ್ದವು. ಅವಳು ಅಳಲಿಲ್ಲ. ಹಳೆ ಸೀರೆಯೊಂದರಲ್ಲಿ ತುಂಬಿ ತುಂಬಿ ತಿಪ್ಪೆಗೆ ಒಯ್ಯುವುದನ್ನು ನಾನು ಗೋಡೆಯ ಮೇಲಿಂದ ನೋಡುತ್ತಿದ್ದೆ. ನಾಲ್ಕು ಸಲ ಹೋದಳು. ಐದನೆಯ ಸಲಕ್ಕೆ ತಿಪ್ಪೆಯ ಹತ್ತಿರವೇ ಕೂತುಬಿಟ್ಟಳು.

ಆವಲಪ್ಪನವರು ಆಡಿದ ಮಾತು ತಪ್ಪುವವರಲ್ಲ. ಆ ಮಧ್ಯಾಹ್ನವೇ ಗಾರೆ ಕೆಲಸದ ವೆಂಕಟರವಣಪ್ಪ ಬಂದು ಬಡಗಣ ಗೋಡೆಗೆ ದಾರ ಹಿಡಿದು ಅಳತೆ ತೆಗೆಯತೊಡಗಿದ. ಮೇಷ್ಟ್ರು ಜಗಲಿಯ ಮೇಲಿದ್ದರು. ಅಮ್ಮಾಜಕ್ಕ ಹುಳುಮನೆಯ ಬಾಗಿಲಿಗೆ ಒರಗಿ ಸುಮ್ಮನೆ ನಿಂತಿದ್ದಳು. ಅವಳು ಜಗಳ ಆಡಿದ್ದರೆ ನಾನು ಮನೆಯಲ್ಲೇ ಇರುತ್ತಿದ್ದೆನೋ ಏನೋ.

ನಾನು ಬೀದಿಗೆ ಬಂದೆ. "ಭಾವ, ನಿನ್ನೆ ಸೊಪ್ಪಲ್ಲಿ ಪೆಟ್ರೋಲ್ ವಾಸನೆ ಇತ್ತು."

"ನೀನೂ ಶುರು ಮಾಡಿದ್ಯಾ?"

"ಅಕ್ಕ ನನ್ನ ಕೈಲಿ ಮೂಸಿಸಿದ್ಳು. ಬಂತು. ಬರಲಿಲ್ಲ ಅಂತ ಸುಳ್ಳು ಹೇಳ್ದೆ."

"ಯಾಕೆ ಹೇಳ್ದೆ?"

"ಭಾನುವಾರದ ಕಾರಿಗೆ."

ವೆಂಕಟರವಣಪ್ಪ ದಾರ ಹಿಡಿದುಕೊಂಡೇ ನಿಂತ. ಅಮ್ಮಾಜಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸರಸರನೆ ಕಾರಿನ ಹತ್ತಿರ ಹೋಗಿ ಹಿಂದಿನ ಬಾಗಿಲು ಎತ್ತಿ, ತನ್ನದೇ ಬಿದಿರು ಕೋಲು ಕೊಟ್ಟು ನಿಲ್ಲಿಸಿದಳು. ಗೋಣಿಯ ಅಡಿ ಮೂಲೆಯಲ್ಲಿ ಪೆಟ್ರೋಲಿನ ಡಬ್ಬ ಇತ್ತು. ಪೆಟ್ರೋಲ್ ಬೇಕಾದರೆ ಚಿಂತಾಮಣಿಗೇ ಹೋಗಬೇಕಲ್ಲ, ಅದಕ್ಕೆ ಆವಲಪ್ಪನವರು ಸದಾ ಒಂದು ಡಬ್ಬ ಇಟ್ಟಿರುತ್ತಿದ್ದರು. ಅದರ ಮುಚ್ಚಳ ಹಿಂದಿನ ದಿನವಷ್ಟೇ ಕಳೆದುಹೋಗಿ, ಬಾಯಿಗೆ ಬಟ್ಟೆ ತುರುಕಿತ್ತು. ಕೆರೆ ದಾರಿಯ ಕುಲುಕಿಗೆ ಬಟ್ಟೆ ನೆನೆದಿತ್ತು.

"ಇದು ಇಲ್ಲೇ ಇರತ್ತೆ, ಗೊತ್ತಿರೋದೇ. ಮೂಸಿದ್ರೆ ಸೊಪ್ಪಲ್ಲಿ ನಂಗೇನೂ ಬರಲಿಲ್ಲ ಅಷ್ಟೆ," ಎಂದರು ಅವರು.

"ಮೂವತ್ತು ವರ್ಷದಿಂದ ಬೀಡಿ ಹೊಗೆ ಬಿಡೋ ಮೂಗಿಗೆ ಏನು ಬರತ್ತೆ," ಎಂದಳು. "ಹುಳಾನೇ ಕೇಳಣ ಬನ್ನಿ."

ಒಂದು ತಟ್ಟೆ ಹೊಸಿಲಿಗೆ ತಂದಿಟ್ಟಳು, ಬದುಕಿದ ಆರರಲ್ಲಿ ಒಂದು. ಒಂದು ಬದಿಗೆ ಕಾರಿನ ಗೋಣಿಯಡಿ ರಾತ್ರಿಯೆಲ್ಲ ಡಬ್ಬದ ಪಕ್ಕ ಉಳಿದಿದ್ದ ಎರಡು ಎಲೆ, ಇನ್ನೊಂದು ಬದಿಗೆ ಬೇಲಿಯ ಹಿಪ್ಪುನೇರಳೆ ಗಿಡದಿಂದ ಆಗ ತಾನೇ ಕಿತ್ತ ಎರಡು ಎಲೆ. ನಾವೆಲ್ಲ ಬಗ್ಗಿ ನೋಡಿದೆವು. ಕಾರಿನ ಎಲೆಯ ಹತ್ತಿರ ಹೋದ ಹುಳು ತಲೆ ಹಿಂದಕ್ಕೆ ಎಳೆದುಕೊಂಡು, ಮೈ ತಿರುಗಿಸಿ, ತಟ್ಟೆಯ ಆ ಬದಿಗೆ ನಿಧಾನವಾಗಿ ಹೊರಟವು. ಒಂದೂ ಕಚ್ಚಲಿಲ್ಲ. ಬೇಲಿಯ ಎಲೆಯ ಅಂಚು ನೋಡನೋಡುತ್ತಾ ಕರಗಿಹೋಯಿತು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಹುಳಕ್ಕೆ ಯಾವ ಸವತೀನಪ್ಪ," ಎಂದು ಎದ್ದು ಮನೆಗೆ ಹೋದರು.

ಆವಲಪ್ಪನವರು ಬೀಡಿ ಹೊಸಕಿ ಹಾಕಿದರು. ಬೆಳೆ ಎಂದಿನಂತೆ ಬರುವ ಮಾತಿರಲಿಲ್ಲ. ಮೂರರಲ್ಲಿ ಎರಡು ಪಾಲು ತಿಪ್ಪೆಗೆ ಹೋಗಿತ್ತು. ಆದರೂ ಅವರು ವೆಂಕಟರವಣಪ್ಪನ ಕಡೆ ತಿರುಗಿ, "ದಾರ ಸುತ್ಕೊಳಪ್ಪ. ಆ ಹುಣಿಸೆ ಮರದ ಕೆಳಗೆ ನಾಕು ಕಂಬ ನೆಟ್ಟು ಗರಿ ಹೊದಿಸ್ಬಿಡು. ಕಾರಿಗೆ ಅಷ್ಟು ಸಾಕು," ಎಂದರು.

ಅಮ್ಮಾಜಕ್ಕ ಕಾರಿನ ಬಾಗಿಲಿಗೆ ಕೊಟ್ಟಿದ್ದ ತನ್ನ ಬಿದಿರನ್ನು ಎಳೆದುಕೊಂಡಳು. ತಗಡಿನ ಬಾಗಿಲು ದಡಾರನೆ ಮುಚ್ಚಿಕೊಂಡಿತು. ಬಿದಿರು ಹಿಡಿದು ಒಳಗೆ ಹೋದಳು.

ನನ್ನೊಡನೆ ಅವಳು ಅಂದಿನಿಂದ ಮಾತು ಬಿಟ್ಟಳು. ಭಾನುವಾರ ನಾನೂ ಶಾಂತಕುಮಾರಿಯೂ ಬಸ್ಸು ಬದಲಾಯಿಸುತ್ತಾ ವಿದುರಾಶ್ವತ್ಥಕ್ಕೆ ಹೋಗಿ ಬಂದೆವು. ಬರುವಷ್ಟರಲ್ಲಿ ಕಾಲು ಊದಿತ್ತು. ಮಾರನೆಯ ದಿನ ಗೋಡೆಯ ಆಚೆಯಿಂದ ಒಂದು ಚೊಂಬು ಮಜ್ಜಿಗೆ ಬಂತು, ಮಾತು ಬರಲಿಲ್ಲ.

ಆ ಮಜ್ಜಿಗೆ ಕುಡಿಯುತ್ತಾ ಕೂತಾಗಲೇ ಜಗಲಿಯ ಮಾತು ಕಿವಿಗೆ ಬಿತ್ತು. ಕೈವಾರದಿಂದ ಯಾರೋ ಇಂಥದ್ದೇ ಕಾರು ಮಾಡಿಸಬೇಕೆಂದು ವಿಚಾರಿಸಲು ಬಂದಿದ್ದರು. ಆವಲಪ್ಪನವರು ಹಿಂದಿನ ಬಾಗಿಲು, ಮೈಲಿ, ಹ್ಯಾಂಡ್ಲು, ಏರು, ಧೂಳು, ಎಲ್ಲಾ ಹೇಳಿ, ಸ್ವಲ್ಪ ತಡೆದು, "ಇನ್ನೊಂದೈತೆ. ಡಬ್ಬ ಇಟ್ಟ ಕಡೆ ಸೊಪ್ಪು ಹಾಕಬ್ಯಾಡಿ. ನಮ್ಮನೇಲಿ ಮೊದ್ಲೇ ಹೇಳಿದ್ಲು, ನಾನು ಕೇಳ್ಲಿಲ್ಲ. ಹುಳದ ವಿಷ್ಯದಲ್ಲಿ ಅವಳ ಮೂಗು ಭಾರಿ ಸೂಕ್ಷ್ಮ. ಹಟ ಸ್ವಲ್ಪ ಜಾಸ್ತಿ," ಎಂದರು.

ಒಂದು ಗುಣ, ಒಂದು ತಪ್ಪು. ಗೋಡೆಯ ಆಚೆ ಸೊಪ್ಪು ಕತ್ತರಿಸುವ ಸದ್ದು ನಿಂತಿತ್ತು. ಅಮ್ಮಾಜಕ್ಕ ಗೋಡೆಯ ಹತ್ತಿರಕ್ಕೆ ಬಂದು, "ಕೇಳಿಸ್ತೇನೇ ಸುಬ್ಬಿ?" ಎಂದಳು.

"ಕೇಳಿಸ್ತಕ್ಕ."

ಕಾರು ಆ ಮನೆಯಲ್ಲಿ ಐದು ವರ್ಷ ಇತ್ತು. ಹುಳುಮನೆ ಅವಳಿರುವವರೆಗೂ ಇತ್ತು. ಕೊನೆಯವರೆಗೂ ಅವಳು ಕಾರನ್ನು ಸವತಿ ಅಂತಲೇ ಕರೆದಳು. ಆ ಸಲದ ಆರು ತಟ್ಟೆಯ ಗೂಡು ಬಿಡಿಸಿದ ದಿನ ಡಬ್ಬ ಕೆಳಗಿಳಿಸಿ, ಹಿಂದೆ ಎರಡು ಚೀಲ ಗೂಡು ಹಾಕಿ, ಆವಲಪ್ಪನವರು ಶಿಡ್ಲಘಟ್ಟಕ್ಕೆ ಹೊರಟರು. ಹ್ಯಾಂಡ್ಲು ತಿರುಗಿಸಿ ಬೆವರು ಒರೆಸಿಕೊಂಡು, "ಬಾ, ಗೂಡಿನ ಬೆಲೆ ನೀನೇ ಮಾತಾಡುವಂತೆ," ಎಂದು ಮುಂದಿನ ಬಾಗಿಲು ತೆಗೆದರು. ಅವಳು ಸೆರಗು ಹೊದ್ದು ಹತ್ತಿದಳು. ಹತ್ತುವ ಮುಂಚೆ ಸೀಟನ್ನು ಕೈಯಿಂದ ಎರಡು ಸಲ ಕೊಡವಿದಳು, ಬೇರೆಯವರು ಕೂತು ಎದ್ದ ಮಣೆಯನ್ನು ಕೊಡವುವ ಹಾಗೆ.

ನಾನು ಬಾವಿಕಟ್ಟೆಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದೆ. ಅವಳು ಕೈ ಆಡಿಸಿದಳು. ನಾನೂ ಆಡಿಸಿದೆ. ಧೂಳು ಇಳಿಯುವವರೆಗೂ ಹೊಟ್ಟೆಯೊಳಗೆ ಉರಿಯುತ್ತಲೇ ಇತ್ತು. ಆ ಉರಿ ನ್ಯಾಯವಲ್ಲ ಎಂದು ನನಗೆ ಆಗಲೂ ಗೊತ್ತಿತ್ತು, ಆದರೂ ಆ ಸೀಟಿಗೆ ಮೊದಲು ನನ್ನ ಹೆಸರು ಹೇಳಿದ್ದರಲ್ಲ.