ಪಕ್ಕದ ಮನೆಯ ಹಿಟ್ಟು

ಪಕ್ಕದ ಮನೆಯ ಕಾಕಿಯ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಬಲಗೈ ಎನ್ನುತ್ತಾಳೆ ಅಕ್ಕ. ನನ್ನ ನೆನಪನ್ನು ನಾನೂ ಪೂರ್ತಿ ನಂಬುವುದಿಲ್ಲ. ಆ ಬೆರಳಿನಿಂದಲೇ ಊರ ಹೆಂಗಸರ ಅಂಗೈ ಒತ್ತಿ ಬಳೆ ಏರಿಸುತ್ತಿದ್ದಳು. "ಕೈ ಸಡ್ಲ ಬಿಡವ್ವಾ, ಬಳಿ ಅಲ್ಲ ಬಿಗಿ, ನೀ ಬಿಗಿ" ಎಂದು ಬೈಯುತ್ತಿದ್ದಳು.

ನಮ್ಮೂರು ತಿಕೋಂಡಿಯಲ್ಲಿ ನಮ್ಮ ಮನೆಗೂ ಕಾಕಿಯ ಮನೆಗೂ ನಡುವೆ ಒಂದೇ ಗೋಡೆ. ಅವರು ಮುಸಲ್ಮಾನರು. ಬಳೆ ಇಡಿಸಿಕೊಳ್ಳಲು ಅಜ್ಜಿ ಅವಳಿಗೆ ಕೈ ಕೊಡುತ್ತಿದ್ದಳು, ಅವಳ ಮನೆಯ ನೀರು ಮಾತ್ರ ಕುಡಿಯುತ್ತಿರಲಿಲ್ಲ.

ಅಜ್ಜ ತೀರಿಕೊಂಡಾಗ ನಾನು ವಿಶ್ವವಿದ್ಯಾಲಯದಿಂದ ಊರಿಗೆ ಬಂದೆ. ವಿಶ್ವವಿದ್ಯಾಲಯದ ಗೋಡೆಯೊಂದರ ಮೇಲೆ ಎಲ್ಲ ಧರ್ಮಗಳೂ ಹೇಳುವ ಒಂದೇ ಮಾತು ಬರೆದಿತ್ತು: ನಿನಗೆ ಬೇಕಾದದ್ದನ್ನೇ ಪರರಿಗೂ ಮಾಡು. ನನಗೆ ಬೇಕಾದದ್ದು ಅವರಿಗೂ ಬೇಕೆಂದು ಹೇಗೆ ಗೊತ್ತು ಎಂದು ನಾನು ವಾದಿಸುತ್ತಿದ್ದೆ.

ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನಮ್ಮ ಓಣಿಯಲ್ಲಿ ಮೊದಲ ಊಟ ಗೋಡೆ ಹಂಚಿಕೊಂಡ ಮನೆಯಿಂದಲೇ ಬರಬೇಕು. ಕಾಕಿ ರೊಟ್ಟಿ, ಕಡಲೆಹಿಟ್ಟಿನ ಝುಣಕ ತಂದಳು. ನಾವು ಉಂಡೆವು. ಅಜ್ಜಿ ಅದನ್ನು ಮುಟ್ಟಲಾರಳು, ಪದ್ಧತಿ ಮುರಿದು ಬೇರೆ ಮನೆಯದನ್ನು ಉಣ್ಣಲೂ ಆರಳು. "ಹಸಿವಿಲ್ಲ" ಎನ್ನುತ್ತಲೇ ಮರುದಿನ ಗೋಡೆ ಹಿಡಿದು ನಡೆಯುವಂತಾದಳು.

ನಾನು ಅಜ್ಜಿಯ ಮೇಲೆ ರೇಗಿದೆ. ಕಾಕಿ ನನ್ನ ರಟ್ಟೆ ಹಿಡಿದು ಹೊರಗೆಳೆದಳು.

"ಸುಮ್ಮಕಿರೋ ಶಾಣ್ಯಾ. ವಾದ ನಿಂದು, ಹಸಿವಿ ನಿಮ್ಮಜ್ಜಿದು."

ತನ್ನ ಜೋಳದ ಹಿಟ್ಟು ಹೊತ್ತು ಎದುರಿನ ಕುರುಬರ ಮನೆಗೆ ಹೋದಳು. ಆ ಮನೆಯಾಕೆ ರೊಟ್ಟಿ ಬಡಿಯುವವರೆಗೆ ಹೊರಗೆ ಕಟ್ಟೆಯ ಮೇಲೆ ಕುಳಿತಳು. ರೊಟ್ಟಿ ಹಿಡಿದ ಆಕೆಯನ್ನು ನಮ್ಮ ಮನೆಯೊಳಗೆ ಕಳಿಸಿ, ತಾನು ಹೊಸ್ತಿಲಾಚೆ ನಿಂತು ಕೂಗಿದಳು: "ಹಿಟ್ಟ ನಮ್ಮ ಮನೀದು, ಒಲಿ ಇವರದು. ಪದ್ಧತೀನೂ ಆತು. ಇನ್ನ ಉಣ್ರಿ ಅತ್ತಿ!"

ಅಜ್ಜಿ ಉಂಡಳು.

"ನಿನಗ ಅವಮಾನ ಅನಸಲಿಲ್ಲೇನ ಕಾಕಿ?" ಎಂದು ಕೇಳಿದೆ.

"ಅನಸದ ಇರತೈತೇನ? ಅದು ಆಮ್ಯಾಲಿಂದು."

ಆ ಗೋಡೆಬರಹವನ್ನು ನಾನು ಈಗಲೂ ಪೂರ್ತಿ ಒಪ್ಪುವುದಿಲ್ಲ. ಕಾಕಿ ಅಂದು ಮಾಡಿದ್ದು ತನಗೆ ಬೇಕಾದದ್ದನ್ನಲ್ಲ, ಅಜ್ಜಿಗೆ ಬೇಕಾದದ್ದನ್ನು. ಹಾಗೆಂದು ತನ್ನದನ್ನು ಬಿಟ್ಟುಕೊಡಲೂ ಇಲ್ಲ. ದಿನಕರ್ಮ ಮುಗಿದ ಮೇಲೆ ಒಂದು ತಂಬಿಗೆ ನೀರು ಹಿಡಿದು ಬಂದು ಅಜ್ಜಿಯ ಎದುರು ಕುಳಿತಳು. "ಇಷ್ಟ ವರ್ಷ ನಿಮ್ಮ ಕೈ ಹಿಡದೀನಿ. ನಮ್ಮ ಮನಿ ನೀರಾಗ ವಿಷ ಐತೇನ್ರಿ ಅತ್ತಿ?" ಎಂದು ಕೇಳಿ, ಬಾಗಿಲು ಮುಂದೆ ಮಾಡಿಕೊಂಡಳು. ಹೊರಬಂದಾಗ ತಂಬಿಗೆ ಬರಿದಾಗಿತ್ತು ಎಂದು ನನ್ನ ನೆನಪು. ತುಂಬಿಯೇ ಇತ್ತು ಎನ್ನುತ್ತಾಳೆ ಅಕ್ಕ.

ಅಜ್ಜಿ ಹೋಗಿ ಎಷ್ಟೋ ವರ್ಷಗಳ ಮೇಲೆ ಕಾಕಿಯನ್ನೇ ಕೇಳಿದೆ.

"ಯಾರಿಗೂ ಹೇಳಂಗಿಲ್ಲಂತ ಅವರಿಗಿ ಮಾತ ಕೊಟ್ಟೀನಪಾ" ಎಂದು ನಕ್ಕಳು.

ಹೋದ ವರ್ಷ ಕಾಕಿಯೂ ತೀರಿಕೊಂಡಳು. ಕೊಟ್ಟ ಮಾತು ಮುರಿಯಲಿಲ್ಲ.