‘ಹೀ’ ಅಂದೆ, ‘ಹ್ಯಾ’ ಅನ್ನಲಿಲ್ಲ

ಹಡಗಿನ ಮೇಲಿನ ಅಂತಸ್ತಿನ ಬಾಗಿಲಲ್ಲಿ ನಿಂತಿದ್ದ ಹುಡುಗಿ ತಪ್ಪು ತಿಳಿದುಕೊಳ್ಳಲಿಲ್ಲ. ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ತಿಳಿದುಕೊಂಡಳು. ನನ್ನ ಹಿರಿಯ ನೆಗೆಣ್ಣಿಯನ್ನು — ನನ್ನ ಗಂಡನ ಅಣ್ಣನ ಹೆಂಡತಿಯನ್ನು — ನಾನು ನಮ್ಮ ಮನೆಯ ಕೆಲಸದಾಕಿ ಅಂತ ಹೇಳಿ ಕೆಳಗೆ ಕಳಿಸಿದೆ. ನಡೆದದ್ದು ಇಷ್ಟೇ. ನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿ ಇದನ್ನು ಬೇರೆ ಥರ ಹೇಳಿಕೊಂಡು ನಗುತ್ತಾರೆ. ನಾನೂ ನಗುತ್ತಿದ್ದೆ.

ನನ್ನ ನೆಗೆಣ್ಣಿಯ ಹೆಸರು ಸರಸ್ವತಿ. ಆ ಹೆಸರು ರೇಶನ್ ಕಾರ್ಡಿನಲ್ಲಿ ಮಾತ್ರ ಇದೆ. ಅವರ ತವರಿನಲ್ಲಿ ಮರಾಠಿ ಮಾತು, ಅಲ್ಲಿ ಹಿರಿಯ ಹೆಣ್ಣುಮಗಳನ್ನು ಮರ್ಯಾದೆಯಿಂದ ‘ಬಾಯಿ’ ಅನ್ನುತ್ತಾರೆ. ಖಾನಾಪುರದ ನಮ್ಮ ಮನೆಯಲ್ಲಿ ಅದೇ ಉಳಿಯಿತು. ಮಕ್ಕಳು, ಮೊಮ್ಮಕ್ಕಳು, ಹಾಲು ಹಾಕುವವನು, ಎಲ್ಲರಿಗೂ ಅವರು ಬಾಯಿ. ಮುಂಬೈಯಲ್ಲಿ ಇದೇ ಮಾತಿಗೆ ಇನ್ನೊಂದು ಅರ್ಥವೂ ಇದೆ. ಪಾತ್ರೆ ತಿಕ್ಕಲು ಬರುವವಳೂ ಅಲ್ಲಿ ಬಾಯಿಯೇ. ಫರಕು ಇರುವುದು ಆ ಮಾತಿಗಿಂತ ಮೊದಲು ಹಚ್ಚುವ ಒಂದು ಅಕ್ಷರದಲ್ಲಿ. ‘ಹ್ಯಾ ಆಮಚ್ಯಾ ಬಾಯಿ’ ಅಂದರೆ ‘ಇವರು ನಮ್ಮ ಬಾಯಿ’. ‘ಹೀ ಆಮಚೀ ಬಾಯಿ’ ಅಂದರೆ ‘ಇಕಿ ನಮ್ಮ ಕೆಲಸದಾಕಿ’.

ಇದನ್ನು ನನಗೆ ಕಲಿಸಿದವರೇ ಬಾಯಿ. ನಾನು ಬೈಲಹೊಂಗಲದ ಕಡೆಯವಳು, ನಾಲ್ಕನೇ ಇಯತ್ತೆವರೆಗೆ ಕನ್ನಡ ಸಾಲಿ, ಅಷ್ಟೇ. ಹದಿನೇಳಕ್ಕೆ ಲಗ್ನವಾಗಿ ಖಾನಾಪುರಕ್ಕೆ ಬಂದಾಗ ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ಬಾಜು ಮನೆಯ ಮುದುಕಿಗೆ ನಾನು ‘ಹೀ’ ಅಂದಾಗ ಬಾಯಿ ಒಲೆಯ ಮುಂದಿನಿಂದಲೇ ಕೂಗಿದ್ದರು, “ಏ ಶಾಂತಾ, ಹೀ ಅನ್ನಾಕ ಅವರೇನು ನಿಮ್ಮಪ್ಪನ ಮನಿ ಎಮ್ಮಿ ಏನ? ಹ್ಯಾ ಅನ್ನು, ಹ್ಯಾ!” ಅವತ್ತಿನಿಂದ ನಾನು ಆ ವಿಷಯದಲ್ಲಿ ತಪ್ಪಿಲ್ಲ. ಹಡಗಿನಲ್ಲೂ ತಪ್ಪಲಿಲ್ಲ — ಬೇಕಂತಲೇ ಅಂದೆ.

ಬಾಯಿ ದೇವತೆ ಅಂತ ನಾನು ಬರೆಯುವುದಿಲ್ಲ. ಹಟದ ಹೆಂಗಸು. ಮನೆಗೆ ಬಂದವರ ಮುಂದೆ ನನ್ನ ರೊಟ್ಟಿ ಎತ್ತಿ ಹಿಡಿದು, “ಇದು ರೊಟ್ಟಿ ಅಲ್ಲ, ಬೆಳಗಾವಿ ಜಿಲ್ಲಾದ ನಕಾಶಿ” ಅಂದವರು. ನಾವು ಬೇರೆಯಾಗಿ ಬೆಳಗಾವಿಗೆ ಬಂದು ಖಾಸಬಾಗದಲ್ಲಿ ಮನೆ ಮಾಡಿದ ಮೇಲೂ, ಅವರು ಖಾನಾಪುರದ ಬಸ್ಸಿನಿಂದ ಇಳಿದು ಬಂದರೆ ನನ್ನ ಅಡುಗೆಮನೆ ನನ್ನದಾಗಿ ಉಳಿಯುತ್ತಿರಲಿಲ್ಲ. ಡಬ್ಬಿಗಳೆಲ್ಲ ಜಾಗ ಬದಲಿಸುತ್ತಿದ್ದವು. ನನಗೆ ಟೈಫಾಯ್ಡ್ ಆದಾಗ ಎರಡು ತಿಂಗಳು ನನ್ನ ಮಗಳನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದವರೂ ಅವರೇ. ಎರಡೂ ಖರೇ.

ಆ ಮಗಳ ಮಗಳು ತೇಜು. ಮುಂಬೈಯಿಂದ ಹೊರಡುವ ಪ್ರವಾಸಿ ಹಡಗಿನಲ್ಲಿ ಅವಳ ನೌಕರಿ. ಹಡಗು ದಂಡೆ ಬಿಡುವ ಹೊತ್ತಿಗೆ ಎಲ್ಲಕ್ಕೂ ಮೇಲಿನ ಅಂತಸ್ತಿನಲ್ಲಿ ಒಂದು ಪಾರ್ಟಿ ಇಡುತ್ತಾರೆ. ಹಾಡು, ತಿನ್ನುವುದು, ಕುಡಿಯುವುದು, ದಂಡೆಗೆ ಕೈ ಬೀಸುವುದು. ಎಲ್ಲರಿಗೂ ಅಲ್ಲ — ದೊಡ್ಡ ಖೋಲಿ ಹಿಡಿದವರಿಗೆ, ಕರೆ ಹೋದವರಿಗೆ ಮಾತ್ರ. ಅಂಥವರ ಕೈಗೆ ಬಂಗಾರ ಬಣ್ಣದ ಪಟ್ಟಿ ಕಟ್ಟುತ್ತಾರೆ. ಅದನ್ನೆಲ್ಲ ಹೊಂದಿಸುವುದು ತೇಜುವಿನ ಕೆಲಸ. ಮನೆಯ ಇಬ್ಬರನ್ನು ಕರೆತರಬಹುದು ಅಂತ ಆದಾಗ ಅವಳು ಅಪ್ಪ-ಅವ್ವನನ್ನು ಬಿಟ್ಟು ನಮ್ಮಿಬ್ಬರನ್ನು ಕರೆದಳು.

“ಅದಕ್ಕ ಸೇಲ್ ಅವೇ ಪಾರ್ಟಿ ಅಂತಾರ ಬಾಯಿ,” ಅಂದಳು ಫೋನಿನಲ್ಲಿ.

“ಸೇಲ್? ಏನ ಮಾರತಾರವಾ ಅಲ್ಲಿ?”

“ಏನೂ ಮಾರೂದಿಲ್ಲ. ಹಡಗ ಬಿಡೂದು ನೋಡಕೋತ ಕುಣಿಯೂದು.”

“ಕುಣಿಯೂದು ನಿಮ್ಮಜ್ಜಿಗೆ ಇರಲಿ. ನಾ ಬಿಡೂದು ನೋಡತೀನಿ. ಬಿಡೂ ಮುಂದ ಯಾರರ ರೈಟ್ ರೈಟ್ ಅಂತಾರೇನ?”

ಬಾಯಿಗೆ ಬೇಕಾದದ್ದು ಅದೊಂದೇ. ಊಟ ಅಲ್ಲ, ಆಟ ಅಲ್ಲ. ನೆಲ ನಿಂತಲ್ಲೇ ನಿಂತು ತಾವು ಅದರಿಂದ ದೂರ ಸರಿಯುವುದನ್ನು ಕಣ್ಣಾರೆ ನೋಡಬೇಕು. ಮುಂಬೈವರೆಗೆ ರೈಲಿನಲ್ಲಿ ಅದನ್ನೇ ಹೇಳಿದರು. ಹಡಗು ಎರಡು ದಿನ ಸಮುದ್ರದಲ್ಲೇ ತಿರುಗಿ ಅದೇ ಬಂದರಿಗೆ ವಾಪಸ್ ಬರುವುದಿತ್ತು. ದಂಡೆ ಬಿಡುವುದು ಒಂದೇ ಸಲ. ಅದು ನನಗೆ ಗೊತ್ತಿತ್ತು.

ಹಡಗು ಹತ್ತಿದ ಕೂಡಲೇ ಅಲ್ಲಿಯವರೆಲ್ಲ ನನ್ನನ್ನು ಮ್ಯಾಡಮ್ ಅನ್ನತೊಡಗಿದರು, ತೇಜುವಿನ ಅಜ್ಜಿ ಅಂತ. ಬಾಯಿಗೂ ಅನ್ನುತ್ತಿದ್ದರು, ಆದರೆ ಮೊದಲು ನನಗೆ. ನನಗೆ ಅದು — ಹೇಗೆ ಹೇಳಲಿ — ರುಚಿ ಹತ್ತಿತು.

ಸಂಜೆಯ ಬಿಸಿಲಿರುವಾಗಲೇ ಮೇಲೆ ಹೊರಟೆವು. ಬಾಯಿ ಕಚ್ಚೆ ಸೀರೆ ಉಟ್ಟಿದ್ದರು. ಮೆಟ್ಟಿಲು ಜಾರುತ್ತದೆ ಅಂತ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. ಪಟ್ಟಿ ಬಳೆಗೆ ಸಿಕ್ಕಿಬೀಳುತ್ತದೆ ಅಂತ ಅದನ್ನು ತೆಗೆದು ಖೋಲಿಯಲ್ಲೇ ಇಟ್ಟು ಬಂದಿದ್ದರು. ನನಗೆ ಅದು ಬಾಗಿಲಲ್ಲೇ ತಿಳಿದದ್ದು. ನಮ್ಮ ಹಿಂದೆ ನಾಲ್ಕೈದು ಮಂದಿ ಮುಂಬೈ ಹೆಂಗಸರು, ಸೆಂಟಿನ ವಾಸನೆ, ಬಿಳಿ ಬಟ್ಟೆ. ಅವರಲ್ಲಿ ಒಬ್ಬಾಕೆ ಬಾಯಿಯ ಬರಿಗಾಲು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಬಾಗಿಲಲ್ಲಿ ಹೆಸರಿನ ಯಾದಿ ಹಿಡಿದು ನಿಂತವಳು ಗೌರಿ ಅನ್ನುವ ಹುಡುಗಿ, ತೇಜುವಿನ ಕೈಕೆಳಗೆ ಹೊಸದಾಗಿ ಸೇರಿದವಳು. ನನ್ನ ಪಟ್ಟಿ ನೋಡಿ ಕೈ ಮುಗಿದಳು. ಬಾಯಿಯ ಕಡೆ ತಿರುಗಿ, ನನ್ನನ್ನೇ ಕೇಳಿದಳು, “ಹ್ಯಾ ಕೋಣ್, ಆಜೀ?” ಇವರು ಯಾರು ಅಂತ. ಆ ಹುಡುಗಿ ‘ಹ್ಯಾ’ ಅಂದಿದ್ದಳು. ಗುರುತಿಲ್ಲದಿದ್ದರೂ ಮರ್ಯಾದೆ ಇಟ್ಟು ಕೇಳಿದಳು.

ಇವರು ನಮ್ಮ ಜಾವೂಬಾಯಿ, ಅಂದರೆ ನೆಗೆಣ್ಣಿ, ಪಟ್ಟಿ ಖೋಲಿಯಲ್ಲಿದೆ — ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹಿಂದಿನವರಿಗೂ ಕೇಳಿಸುವ ಹಾಗೆ ಹೇಳಿದೆ.

“ಹೀ ಆಮಚೀ ಬಾಯಿ.”

ಗೌರಿ ಮೆತ್ತಗೆ ಹೇಳಿದಳು, ಇಲ್ಲಿ ಬರೀ ಅತಿಥಿಗಳಿಗೆ ಅವಕಾಶ, ಜೊತೆಗೆ ಬಂದ ಕೆಲಸದವರು ಕೆಳಗೆ ಕೂತುಕೊಳ್ಳಬಹುದು ಅಂತ. ಬಾಯಿ ನನ್ನ ಮುಖ ನೋಡಿದರು. ನಾನು ನನ್ನ ಪಟ್ಟಿಯನ್ನು ಸರಿ ಮಾಡಿಕೊಳ್ಳುತ್ತಿದ್ದೆ — ಅದು ಸರಿಯಾಗಿಯೇ ಇತ್ತು.

“ನೀ ಹೋಗು,” ಅಂದರು. “ನಾ ಕೆಳಗ ಇರತೀನಿ.”

ಆಮೇಲೆ ನನಗೆ ಸಂಕಟವಾಯಿತು, ಗಂಟಲಲ್ಲಿ ಏನೂ ಇಳಿಯಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಇಳಿಯಿತು. ಉದ್ದನೆಯ ಗ್ಲಾಸಿನಲ್ಲಿ ಅನಾನಸಿನ ರಸ ಕುಡಿದೆ. ಹಲ್ಲುಕಡ್ಡಿಗೆ ಚುಚ್ಚಿದ ಪನೀರು ತಿಂದೆ. ಹಡಗು ಒಮ್ಮೆ ಗುಡುಗಿದ ಹಾಗೆ ಕೂಗಿತು, ಮಂದಿ ಚಪ್ಪಾಳೆ ಹೊಡೆದರು, ಮುಂಬೈಯ ಕಟ್ಟಡಗಳು ಒಂದೊಂದಾಗಿ ಸಣ್ಣವಾದವು. ಗುರುತಿಲ್ಲದ ಹೆಂಗಸರ ಜೊತೆ ನಾನೂ ಗುರುತಿಲ್ಲದ ದಂಡೆಗೆ ಕೈ ಬೀಸಿದೆ. ನನಗೆ ಖುಷಿಯಾಯಿತು. ನಲವತ್ತೈದು ವರ್ಷ ನಾನು ಅವರಿಗಿಂತ ಒಂದು ಹೆಜ್ಜೆ ಹಿಂದೆ ನಡೆದಿದ್ದೆ. ಅವತ್ತು ಅವರು ಕೆಳಗೆ, ನಾನು ಮೇಲೆ. ಕಾರಣ ಇದು. ಇದನ್ನು ನೆವ ಅಂತ ಯಾರೂ ತಿಳಿಯಬಾರದು.

ಕೆಳಗೆ ಬಂದು ನೋಡಿದರೆ ಬಾಯಿ ಲಿಫ್ಟಿನ ಎದುರು, ಪ್ಲಾಸ್ಟಿಕ್ ಗಿಡದ ಬಾಜು ಒಂದು ಕುರ್ಚಿಯಲ್ಲಿ ಕೂತಿದ್ದರು. ಆ ಜಾಗಕ್ಕೆ ಕಿಟಕಿ ಇರಲಿಲ್ಲ.

“ಬಿಟ್ಟಿತೇನ?” ಅಂತ ಕೇಳಿದರು. “ನನಗ ಗೊತ್ತ ಆಗಲಿಲ್ಲ. ನೆಲ ಅಳ್ಳಾಡಲೂ ಇಲ್ಲ.”

ನಾನು ಏನು ಹೇಳಿದೆನೋ — ಬಿಟ್ಟಿತ್ರೀ, ಅಂದಿರಬೇಕು.

ಆಮೇಲಿನದು ಬೇಗ ಹೇಳುತ್ತೇನೆ. ತೇಜು ಪಾರ್ಟಿಯ ಕೆಲಸ ಮುಗಿಸಿ ಬಂದು, ಬಾಯಿ ಮೇಲೆ ಯಾಕೆ ಬರಲಿಲ್ಲ ಅಂತ ಕೇಳಿದಳು. ಗೌರಿಯನ್ನು ಕರೆಸಿದಳು. ಆ ಹುಡುಗಿ, “ಆಜಿಯೇ ಹೇಳಿದರು, ಬಾಯಿ ಅಂತ” ಅಂದಳು. ತೇಜು ಸಿಟ್ಟಿಗೆದ್ದಳು. ನಮ್ಮ ಕಡೆ ಬಾಯಿ ಅಂದರೆ ಮನೆಯ ಹಿರಿಯರು, ನಿಮ್ಮ ಮುಂಬೈಯವರಿಗೆ ಬಾಯಿ ಅಂದ ಕೂಡಲೇ ಕಸಬರಿಗೆಯೇ ಕಾಣುತ್ತದೆ ಅಂತ ಎಲ್ಲರ ಮುಂದೆ ಬೈದಳು. ಗೌರಿ ಒಮ್ಮೆ ನನ್ನ ಕಡೆ ನೋಡಿದಳು. ಅವಳ ತಾಯಿಭಾಷೆ ಅದು, ‘ಹೀ’ ಕೇಳಿಸಿಕೊಂಡ ಕಿವಿ ಅವಳದು. ನಾನು ಏನಾದರೂ ಹೇಳುತ್ತೇನೆ ಅಂತ ಕಾದಳು. ನಾನು ಹೇಳಲಿಲ್ಲ. ಅವಳು ಬಗ್ಗಿ ಬಾಯಿಯ ಕಾಲು ಮುಟ್ಟಿ ತಪ್ಪಾಯಿತು ಅಂದಳು. ಮರುದಿನದಿಂದ ಅವಳನ್ನು ಮೇಲಿನ ಕೆಲಸದಿಂದ ತೆಗೆದು ಈಜುವವರಿಗೆ ಟವೆಲ್ ಕೊಡುವ ಜಾಗಕ್ಕೆ ಹಾಕಿದರು. ಬಾಯಿ ಅವಳ ತಲೆ ಮುಟ್ಟಿ, “ಬಿಡವಾ, ನಿಂದೇನೂ ತಪ್ಪಿಲ್ಲ” ಅಂದಿದ್ದರು. ಮಂದಿ ಅದನ್ನು ದೊಡ್ಡ ಮನಸ್ಸು ಅಂದುಕೊಂಡರು. ಅದು ಬರೀ ಖರೇ ಮಾತಾಗಿತ್ತು.

ಊರಿಗೆ ಬಂದ ಮೇಲೆ ಅದು ಮನೆಯ ನಗೆ ಆಯಿತು. ಲಗ್ನದಲ್ಲಿ, ಕುಬಸದಲ್ಲಿ, ನಾಲ್ಕು ಮಂದಿ ಸೇರಿದಲ್ಲಿ ತೇಜು ಎದ್ದು ನಿಂತು, ಕೈ ಕಾಲು ಆಡಿಸಿ ಹೇಳುತ್ತಿದ್ದಳು, ‘ಹಡಗಿನವರು ಬಾಯಿಯನ್ನು ಭಾಂಡಿ ತಿಕ್ಕುವಾಕಿ ಮಾಡಿದ್ದು’ ಅಂತ. ಬಾಯಿಯೂ ನಗುತ್ತಿದ್ದರು. ಆದರೆ ಅಂಥ ಹೊತ್ತಿನಲ್ಲಿ ಒಮ್ಮೆಯೂ ಅವರು ನನ್ನ ಕಡೆ ನೋಡಲಿಲ್ಲ.

ಈ ವರ್ಷ ತೇಜುವಿಗೆ ಗಂಡು ಗೊತ್ತಾಯಿತು. ನಿಖಿಲ್, ಕೊಲ್ಹಾಪುರದವನು. ಮೊನ್ನೆ ಖಾಸಬಾಗದ ಮನೆಗೆ ತಂದೆ-ತಾಯಿಯ ಜೊತೆ ಊಟಕ್ಕೆ ಬಂದ, ಎರಡು ದಿನ ಇರುವುದಕ್ಕೆ. ಬಾಯಿಯೂ ಬಂದಿದ್ದರು. ಊಟ ಆದ ಮೇಲೆ ತೇಜು ಮತ್ತೆ ಅದೇ ಕತೆ ತೆಗೆದಳು. ಎಲ್ಲರೂ ನಕ್ಕರು. ನಿಖಿಲ್ ಮಾತ್ರ ಹುಡುಗಾಟಕ್ಕೆ ಕೇಳಿದ, ಅವನ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, “ಆಜೀ, ಒಂದ ಸಾಂಗಾ — ನೀವು ‘ಹೀ’ ಅಂದ್ರಿ ಏನು ‘ಹ್ಯಾ’ ಅಂದ್ರಿ? ಹ್ಯಾ ಅಂದ್ರ ಮುಂಬೈಯಾಕಿಗೆ ತಿಳೀತದ ರೀ.”

ನಾಲ್ಕು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ನಾನು ತಾಟುಗಳನ್ನು ಒಟ್ಟು ಮಾಡತೊಡಗಿದೆ. ಅಷ್ಟರಲ್ಲಿ —

“ಹ್ಯಾ ಅಂದಾಳ,” ಅಂದರು ಬಾಯಿ. “ನಾ ಅಲ್ಲೇ ನಿಂತಿದ್ನಲ್ಲ.”

ಎಲ್ಲರೂ ಮತ್ತೆ ನಕ್ಕರು. ನಾನು ತಾಟು ಎತ್ತಿಕೊಂಡು ಒಳಗೆ ಹೋದೆ. ಬಾಯಿ ನೀರು ಕುಡಿಯಲು ಬಂದರು. ಮೊದಲ ಸಲ ಆ ಮಾತು ನಮ್ಮಿಬ್ಬರ ನಡುವೆ ಬಂತು.

“ಯಾಕ ಸುಳ್ಳ ಹೇಳಿದ್ರಿ ಬಾಯಿ?”

“ನಿನ್ನ ಸಲುವಾಗಿ ಹೇಳಿಲ್ಲ,” ಅಂದರು. “ಹೊಸಾ ಬೀಗರು. ಒಂದ ಮನಿಯಾಗ ಉಂಡಾಕಿ ನನಗ ಕೆಲಸದಾಕಿ ಅಂದ್ಲು ಅಂತ ಅವರಿಗೆ ತಿಳದ್ರ ನನ್ನ ಮರ್ಯಾದಿ ಏನ ಉಳೀತು?”

ನನ್ನ ತಪ್ಪನ್ನು ಅವರು ತಮ್ಮ ಮರ್ಯಾದೆ ಅಂತ ಹೊತ್ತು ತಿರುಗುತ್ತಿದ್ದರು, ನಾಲ್ಕು ವರ್ಷ. ಇಂಥದೊಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅವರು ಮರೆತಿದ್ದಾರೆ, ಇಲ್ಲವೇ ಕ್ಷಮಿಸಿದ್ದಾರೆ ಅಂತ — ನನಗೆ ಅನುಕೂಲವಾದದ್ದನ್ನು ತಿಳಿದುಕೊಂಡಿದ್ದೆ.

“ಮರ್ಯಾದಿ ಹೋಗೂದು ನಂದು, ನಿಮ್ಮದಲ್ಲ,” ಅಂದೆ. “ನಾಳೆ ಎಲ್ಲಾರ ಮುಂದ ಹೇಳತೀನಿ. ನೀವು ಬ್ಯಾಡ ಅಂದ್ರ ಬಿಡತೀನಿ.”

ಬಾಯಿ ತಂಬಿಗೆ ಕೆಳಗಿಟ್ಟರು.

“ಹೇಳು. ಆದ್ರ ಅಳಬ್ಯಾಡ. ನೀ ಅತ್ತಿ ಅಂದ್ರ ಎಲ್ಲಾರೂ ನಿನ್ನ ಸಮಾಧಾನ ಮಾಡಾಕ ಹತ್ತತಾರ. ಆಮ್ಯಾಲ ನಾನೇ ನಿನಗ ಚಾ ಮಾಡಿ ಕೊಡಬೇಕಾಗತೈತಿ.”

ಮರುದಿನ ಮುಂಜಾನೆ ಎಲ್ಲರೂ ಅವಲಕ್ಕಿ ತಿನ್ನಲು ಕೂತಿದ್ದರು. ಬೀಗರು, ಮಗಳು, ಅಳಿಯ, ನಿಖಿಲ್, ತೇಜು. ಬಾಯಿ ಗೋಡೆಗೆ ಒರಗಿ ಕೂತಿದ್ದರು. ನಾನು ನಡುವೆ ನಿಂತು ಹೇಳಿದೆ. ಹೀ ಅಂದೆ. ಹ್ಯಾ ಅನ್ನಲಿಲ್ಲ. ಅರ್ಥ ಗೊತ್ತಿದ್ದೇ ಅಂದೆ. ಬಾಯಿ ನಿನ್ನೆ ಹೇಳಿದ್ದು ಸುಳ್ಳು, ಗೌರಿ ಅವತ್ತು ಹೇಳಿದ್ದು ಖರೇ. ಅಳಲಿಲ್ಲ.

ಬೀಗಿತ್ತಿ ಚಮಚ ಹಿಡಿದ ಕೈ ಹಾಗೇ ಇಟ್ಟರು. ನಿಖಿಲ್ ತಲೆ ತಗ್ಗಿಸಿದ. ತೇಜು ತಾಟು ಸರಿಸಿ ಎದ್ದಳು.

“ಅಜ್ಜಿ, ನಾ ಗೌರಿಗೆ ಹತ್ತ ಮಂದಿ ಮುಂದ ಬೈದೆ. ಆಕಿ ಕಡಿಂದ ಬಾಯಿ ಕಾಲ ಹಿಡಿಸಿದೆ. ನೀ ಬಾಜು ನಿಂತಿದ್ದಿ.”

“ನಿಂತಿದ್ದೆ,” ಅಂದೆ.

“ನಾಲ್ಕು ವರ್ಷ ನಾ ಅದನ್ನ ಹೇಳಕೋತ ನಕ್ಕೆ. ನೀನೂ ಕೂಡಿ ನಕ್ಕಿ.”

“ಹೌದು.”

ಅವಳು ಬಾಯಿಯ ಹತ್ತಿರ ಹೋಗಿ ಕೂತಳು. ಬಾಯಿ ಅವಳನ್ನೂ ಸಮಾಧಾನ ಮಾಡಲಿಲ್ಲ, ನನ್ನನ್ನೂ ಮಾಡಲಿಲ್ಲ. ತಮ್ಮ ಅವಲಕ್ಕಿ ಮುಗಿಸಿದರು. ಅವರು ನನ್ನನ್ನು ಕ್ಷಮಿಸಿದರೋ ಇಲ್ಲವೋ ನಾನು ಕೇಳಿಲ್ಲ. ಕೇಳುವುದೂ ಇಲ್ಲ. ಅದು ಅವರ ಹತ್ತಿರ ಇರಲಿ.

“ಗೌರಿಗೆ ಫೋನ್ ಹಚ್ಚು,” ಅಂದೆ ತೇಜುವಿಗೆ.

ತೇಜು ನಂಬರ್ ಹುಡುಕಿ ಹಚ್ಚಿದಳು. ಎಲ್ಲರಿಗೂ ಕೇಳಿಸುವ ಹಾಗೆ ಇಡು ಅಂದೆ, ಇಟ್ಟಳು. ಆ ಕಡೆ ಗಾಡಿಗಳ ಗದ್ದಲ, ಗೌರಿ ಕೆಲಸಕ್ಕೆ ಹೊರಟಿರಬೇಕು. ಯಾರು ಅಂತ ಕೇಳಿದಳು. ನಾನು ನನ್ನ ಹೆಸರು ಹೇಳಿದೆ, ಹಡಗಿನ ಹೆಸರು ಹೇಳಿದೆ. “ಎರಡ ನಿಮಿಷ ಗಾಡಿ ಗದ್ದಲದಿಂದ ಬಾಜು ನಿಂದರ್ರಿ,” ಅಂತ ಮರಾಠಿಯಲ್ಲಿ ಕೇಳಿಕೊಂಡೆ. ಅವಳು ನಿಂತಳು. ನಾನು ಮೊದಲಿನಿಂದ ಹೇಳಲು ಶುರು ಮಾಡಿದೆ.