ಅವ್ವನ ಆಶೀರ್ವಾದದ ಗಡಿ

ಶಿಗ್ಗಾಂವದ ಸಂತೆಯಿಂದ ಅವ್ವ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಳು. ಇನ್ನೊಂದು ಕಳಚಿ ಬಿದ್ದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಸಕ್ಕರೆ ಕಾಯಿಲೆಯವಳು. ಬೈಯುತ್ತಲೇ ದವಾಖಾನೆಗೆ ಕರೆದೊಯ್ದೆ.

ಡಾಕ್ಟರು ನನ್ನ ಮಗನ ವಯಸ್ಸಿನವರು. "ಕಣ್ಣು ಮುಚ್ಕೊರಿ ಅವ್ವಾರ. ಈ ದಾರ ಕಾಲಿಗೆ ತಾಗಿದಾಗೊಮ್ಮೆ ಹೂಂ ಅನ್ರಿ," ಎಂದು ಬಗ್ಗಿ, ಮೊಣಕಾಲಿನ ಕೆಳಗೆ ನೈಲಾನ್ ದಾರ ತಾಗಿಸಿದರು. ಕಾಲು ಮುಟ್ಟಿದವರನ್ನು ಹರಸದೆ ಬಿಟ್ಟು ಗೊತ್ತಿಲ್ಲದ ಅವ್ವ, "ನೂರು ವರ್ಷ ಬಾಳಪ್ಪ," ಎಂದಳು.

ನನಗೆ ಪಿತ್ತ ನೆತ್ತಿಗೇರಿತು. "ಹೂಂ ಅಂದ್ರ ಸಾಕಬೇ."

"ಇರ್ಲಿ ಬಿಡ್ರಿ, ಇದೂ ನಡೀತೇತಿ," ಎಂದರು ಡಾಕ್ಟರು.

ದಾರ ಮೀನಖಂಡಕ್ಕೆ ಇಳಿದಾಗ, "ಲಗೂನ ಲಗ್ನ ಆಗ್ಲಿ." ಇನ್ನೂ ಕೆಳಗೆ, "ಅವಳಿ ಮಕ್ಕಳಾಗ್ಲಿ." ಡಾಕ್ಟರ ಕಿವಿ ಕೆಂಪಾದವು. ದಾರ ಕಾಲಿನ ಗಿಣ್ಣು ದಾಟಿ ಪಾದಕ್ಕೆ ಬಂದ ಮೇಲೆ ಅವ್ವ ಸುಮ್ಮನಾದಳು. ಅಂಗಾಲು, ಹೆಬ್ಬೆರಳು, ಎಲ್ಲಿ ಮುಟ್ಟಿದರೂ ಒಂದು ಆಶೀರ್ವಾದವೂ ಹೊರಡಲಿಲ್ಲ.

"ಸಕ್ಕರಿಯಿಂದ ಪಾದದ ನರ ಕೆಟ್ಟಾವ್ರಿ," ಎಂದರು ಡಾಕ್ಟರು. "ಗಾಯ ಆದ್ರೂ ತಿಳಿಯಂಗಿಲ್ಲ. ದಿನಾ ನೀವ ನೋಡ್ರಿ."

ಈಗ ದಿನಾ ಅವಳ ಪಾದ ಹಿಡಿದು ಗಾಯ ಹುಡುಕುತ್ತೇವೆ. ಹಬ್ಬದ ದಿನ ನಮಸ್ಕಾರಕ್ಕೆ ಮಾತ್ರ ಮನೆಮಂದಿಯೆಲ್ಲ ಬಗ್ಗಿ ಮೊಣಕಾಲು ಮುಟ್ಟುತ್ತೇವೆ. ಆಶೀರ್ವಾದ ಬೇಕಲ್ಲ.